ಬಲಗೈ, ಎಡಗೈ ಮತ್ತು ಕ್ಯಾಮೆರಾ

ಹೋದ ವರ್ಷದ ರಮಜಾನಿನಲ್ಲಿ ಗೆಳೆಯರೊಬ್ಬರು ನನ್ನ ಮೊಬೈಲಿಗೆ ಒಂದು ಫೋಟೋ ಕಳಿಸಿದರು. ಬಡವರಿಗೆ ರೇಷನ್ ಕಿಟ್ ಹಂಚಿದ ಕಾರ್ಯಕ್ರಮದ್ದು. ಅಕ್ಕಿ, ಬೇಳೆ, ಎಣ್ಣೆ, ಖರ್ಜೂರ ತುಂಬಿದ ಒಂದು ಚೀಲ. ಅದನ್ನು ಒಂದು ಕಡೆಯಿಂದ ಏಳೆಂಟು ಮಂದಿ ಗಂಡಸರು ಹಿಡಿದಿದ್ದಾರೆ. ಕೈ ತಾಗಿಸಲು ಜಾಗ ಸಿಗದವರು ಮುಂದಿನವರ ಹೆಗಲ ಮೇಲಿಂದ ಮುಖ ತೂರಿಸಿದ್ದಾರೆ. ಇನ್ನೊಂದು ಕಡೆಯಿಂದ ಒಬ್ಬ ಹೆಂಗಸು ಹಿಡಿದಿದ್ದಾಳೆ. ಗಂಡಸರೆಲ್ಲ ಕ್ಯಾಮೆರಾ ನೋಡುತ್ತಿದ್ದಾರೆ. ಆಕೆ ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಚೀಲವನ್ನಷ್ಟೇ ನೋಡುತ್ತಿದ್ದಾಳೆ.

ಈ ಗೆಳೆಯರು ಕೆಟ್ಟವರಲ್ಲ. ಮೂರು ವಾರ ಅಂಗಡಿ ವ್ಯಾಪಾರ ಬಿಟ್ಟು ಬೀದಿ ಬೀದಿ ತಿರುಗಿ ಚಂದಾ ಎತ್ತಿದವರು, ಕಡಿಮೆ ಬಿದ್ದಾಗ ಕೈಯಿಂದ ಹಾಕಿದವರು. ‘ಫೋಟೋ ಯಾಕೆ ತೆಗೆಸಿದಿರಿ?’ ಎಂದು ಕೇಳಿದೆ. ‘ಫೋಟೋ ಹಾಕದಿದ್ರೆ ಮುಂದಿನ ವರ್ಷ ಯಾರು ಕೊಡ್ತಾರೆ ಭಾಯಿ? ನೀವು ಕಥೆ ಬರೆಯೋರು, ನಿಮಗೆ ಇದೆಲ್ಲ ಗೊತ್ತಾಗಲ್ಲ’ ಎಂದರು. ಅವರ ಮಾತಿನಲ್ಲಿ ಲೆಕ್ಕ ಸರಿಯಾಗಿತ್ತು. ನನ್ನ ಬಳಿ ಉತ್ತರವಿರಲಿಲ್ಲ. ಆದರೆ ಆ ಹೆಂಗಸಿನ ಕಣ್ಣು ನನ್ನನ್ನು ಬಿಡಲಿಲ್ಲ.

ಆ ರಾತ್ರಿ ನನಗೆ ಯಾಕೋ ಒಬ್ಬ ನಟ ನೆನಪಾದರು, ಫಾರೂಕ್ ಶೇಖ್. ಕಾಣಿಸಿಕೊಳ್ಳುವುದನ್ನೇ ಕಸುಬು ಮಾಡಿಕೊಂಡಿದ್ದ ಮನುಷ್ಯ ತನ್ನ ಒಂದು ಕೆಲಸದಲ್ಲಿ ಮಾತ್ರ ಕಾಣಿಸಿಕೊಳ್ಳಲು ಒಪ್ಪಲಿಲ್ಲ. ಅದು ಯಾಕೆ ಎಂದು ಯೋಚಿಸುತ್ತಾ ಹೋದರೆ, ಗೆಳೆಯರ ಪ್ರಶ್ನೆಗೆ ಅರ್ಧ ಉತ್ತರವಾದರೂ ಸಿಕ್ಕೀತೇನೋ ಎಂದು ಈ ಬರಹ.

*

ಫಾರೂಕ್ ಶೇಖ್ ಹುಟ್ಟಿದ್ದು 1948ರ ಮಾರ್ಚ್ 25ರಂದು, ಗುಜರಾತಿನಲ್ಲಿ. ಬೆಳೆದದ್ದು, ಓದಿದ್ದು ಮುಂಬೈಯಲ್ಲಿ. ತಂದೆ ವಕೀಲರು. ಮಗನೂ ಸೇಂಟ್ ಝೇವಿಯರ್ಸ್ ಕಾಲೇಜು ಮುಗಿಸಿ ಕಾನೂನು ಓದಿದರು. ಆದರೆ ಮನಸ್ಸು ಕರಿಕೋಟಿನಲ್ಲಿ ನಿಲ್ಲಲಿಲ್ಲ. ಕಾಲೇಜಿನಲ್ಲೇ ನಾಟಕದ ಹುಚ್ಚು ಹಿಡಿದಿತ್ತು. ಅದೇ ಕಾಲೇಜಿನಲ್ಲಿ ಓದುತ್ತಿದ್ದ ಶಬಾನಾ ಅಜ್ಮಿ ಆಗಿನಿಂದಲೇ ರಂಗದ ಜೊತೆಗಾರ್ತಿ. ಮುಂದೆ ಇಪ್ಟಾದ ನಾಟಕಗಳು.

ಅವರನ್ನು ಸಿನಿಮಾಕ್ಕೆ ತಂದವರು ನಮ್ಮ ಮೈಸೂರಿನ ಎಂ.ಎಸ್. ಸತ್ಯು. ಇಸ್ಮತ್ ಚುಗ್ತಾಯಿಯವರ ಅಪ್ರಕಟಿತ ಕಥೆಯೊಂದನ್ನು ಆಧರಿಸಿ ಕೈಫಿ ಅಜ್ಮಿ ಮತ್ತು ಶಮಾ ಜೈದಿ ಬರೆದ ‘ಗರಮ್ ಹವಾ’ ಚಿತ್ರವನ್ನು ಸತ್ಯು ಆಗ್ರಾದಲ್ಲಿ ಚಿತ್ರೀಕರಿಸುತ್ತಿದ್ದರು. ಕೈಯಲ್ಲಿದ್ದದ್ದು ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ನಿನ ಎರಡೂವರೆ ಲಕ್ಷ ರೂಪಾಯಿ ಸಾಲ. ಸಂಬಳ ಕೇಳದ ನಟರು ಬೇಕಾಗಿದ್ದರು. ಫಾರೂಕ್ ಸಿಕ್ಕಿದರು. ಆ ಚಿತ್ರಕ್ಕೆ ಅವರಿಗೆ ಸಂದ ಸಂಭಾವನೆ 750 ರೂಪಾಯಿ.

ದೇಶ ವಿಭಜನೆಯಾದ ಮೇಲೆ ಆಗ್ರಾದಲ್ಲೇ ಉಳಿದ ಒಂದು ಮುಸ್ಲಿಂ ಕುಟುಂಬದ ಕಥೆ ಅದು. ಬಲರಾಜ್ ಸಾಹನಿಯವರು ಜೋಡು ಕಾರ್ಖಾನೆಯ ಸಲೀಂ ಮಿರ್ಜಾ. ಫಾರೂಕ್ ಅವರ ಕಿರಿಯ ಮಗ ಸಿಕಂದರ್. ಓದು ಮುಗಿಸಿ ಕೆಲಸಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ಹುಡುಗ. ಗಲಭೆಯಾದೀತೆಂಬ ಹೆದರಿಕೆಯಲ್ಲಿ ಸೆನ್ಸಾರ್ ಮಂಡಳಿ ಚಿತ್ರವನ್ನು ತಿಂಗಳುಗಟ್ಟಲೆ ತಡೆಹಿಡಿಯಿತು. ಕೊನೆಗೆ ಅದು ಮೊದಲು ತೆರೆ ಕಂಡದ್ದು ಬೆಂಗಳೂರಿನಲ್ಲಿ. ಗಲಭೆ ಆಗಲಿಲ್ಲ. ಜನ ಕಣ್ಣೊರೆಸಿಕೊಂಡು ಹೊರಬಂದರು. ಡಬ್ಬಿಂಗ್ ಮುಗಿಸಿ 1973ರ ಏಪ್ರಿಲಿನಲ್ಲಿ ತೀರಿಕೊಂಡ ಬಲರಾಜ್ ಸಾಹನಿ ಇದನ್ನು ನೋಡಲಿಲ್ಲ.

ಅಲ್ಲಿಂದ ಮುಂದಿನ ಹತ್ತು ವರ್ಷದ ಪಾತ್ರಗಳನ್ನು ಸಾಲಾಗಿ ಇಟ್ಟು ನೋಡಿ. ಸತ್ಯಜಿತ್ ರಾಯ್ ಅವರ ‘ಶತರಂಜ್ ಕೆ ಖಿಲಾಡಿ’ಯಲ್ಲಿ ಒಂದು ಸಣ್ಣ ಪಾತ್ರ. 1978ರಲ್ಲಿ ಮುಜಫ್ಫರ್ ಅಲಿಯವರ ‘ಗಮನ್’, ಹಳ್ಳಿಯಲ್ಲಿ ತಾಯಿಯನ್ನೂ ಹೆಂಡತಿಯನ್ನೂ ಬಿಟ್ಟು ಮುಂಬೈಗೆ ಬಂದು ಟ್ಯಾಕ್ಸಿ ಓಡಿಸುವ ಗುಲಾಂ ಹಸನ್. ಊರಿಗೆ ಹೋಗಿಬರುವಷ್ಟು ದುಡ್ಡು ಅವನ ಕೈಯಲ್ಲಿ ಎಂದೂ ಕೂಡುವುದಿಲ್ಲ. 1979ರ ‘ನೂರಿ’ ದೊಡ್ಡ ಗೆಲುವು ತಂದಿತು. 1981ರಲ್ಲಿ ‘ಉಮ್ರಾವ್ ಜಾನ್’ನ ನವಾಬ್ ಸುಲ್ತಾನ್, ಪ್ರೀತಿಸುತ್ತಾನೆ, ಆದರೆ ಮನೆತನದ ಮಾತು ಮೀರಿ ಕೈಹಿಡಿಯುವ ಎದೆಗಾರಿಕೆ ಅವನಿಗಿಲ್ಲ. ಅದೇ ವರ್ಷ ಸಾಯಿ ಪರಾಂಜಪೆಯವರ ‘ಚಷ್ಮೆ ಬದ್ದೂರ್’ನ ಸಿದ್ಧಾರ್ಥ, ಸೋಪಿನ ಪುಡಿ ಮಾರಲು ಬಂದ ದೀಪ್ತಿ ನವಲ್ ಎದುರು ಮಾತು ತಡವರಿಸುವ ಸಾಧು ಹುಡುಗ. 1982ರ ‘ಬಾಜಾರ್’, ಕೊಲ್ಲಿ ದೇಶದಿಂದ ಬಂದ ವಯಸ್ಸಾದ ಶ್ರೀಮಂತನಿಗೆ ಹೈದರಾಬಾದಿನ ಬಡವರ ಹುಡುಗಿಯನ್ನು ನಿಕಾಹ್ ಹೆಸರಿನಲ್ಲಿ ಮಾರುವಾಗ ಏನೂ ಮಾಡಲಾಗದೆ ನಿಲ್ಲುವ ಅವಳ ಪ್ರೇಮಿ. ‘ಸಾಥ್ ಸಾಥ್’ನಲ್ಲಿ ಆದರ್ಶದ ಮಾತಾಡಿ, ಸಂಸಾರದ ಖರ್ಚು ತಲೆಗೇರಿದಾಗ ಒಂದೊಂದೇ ಆದರ್ಶವನ್ನು ಇಳಿಸಿಡುವ ಅವಿನಾಶ್. 1983ರ ‘ಕಥಾ’ದಲ್ಲಿ ಚಾಳಿನ ಜನರನ್ನೆಲ್ಲ ಸಿಹಿಮಾತಿನಲ್ಲೇ ಮೋಸ ಮಾಡಿ ಹೋಗುವ ಬಾಶು.

ಇವರಲ್ಲಿ ಯಾರೂ ಹತ್ತು ಜನರನ್ನು ಹೊಡೆದುರುಳಿಸುವ ವೀರರಲ್ಲ. ನಮ್ಮ ನಿಮ್ಮಂತೆ ಅರ್ಧ ಒಳ್ಳೆಯವರು, ಅರ್ಧ ಹೇಡಿಗಳು. ಅಮಿತಾಭ್ ಬಚ್ಚನ್ ಸಿಟ್ಟಿನ ಯುವಕನಾಗಿ ತೆರೆ ತುಂಬಿದ್ದ ಕಾಲದಲ್ಲಿ ಈ ಮನುಷ್ಯ ದನಿ ಏರಿಸದೆ ಮಾತಾಡಿ ತನ್ನ ಜಾಗ ಮಾಡಿಕೊಂಡರು. ಅವರ ಪಾತ್ರಗಳಲ್ಲಿ ಒಂದು ಅಂಶ ಮತ್ತೆ ಮತ್ತೆ ಬರುತ್ತದೆ, ಕೈ ಚಾಚಬೇಕಾಗಿ ಬಂದವನ ಸಂಕೋಚ. ಕೆಲಸ ಕೇಳಲು ಹೋದ ಸಿಕಂದರ್, ಮಹಾನಗರದಲ್ಲಿ ತಲೆಯಿಡಲು ಜಾಗ ಹುಡುಕುವ ಗುಲಾಂ ಹಸನ್. ಆ ಸಂಕೋಚವನ್ನು ತೋರಿಸಲು ಅವರು ಅಳುವುದಿಲ್ಲ. ಒಂದು ನಗೆ ನಗುತ್ತಾರೆ, ಕಣ್ಣು ಮಾತ್ರ ಆ ನಗೆಯೊಳಗೆ ಇರುವುದಿಲ್ಲ.

*

ನಾನು ಅವರನ್ನು ಮೊದಲು ನೋಡಿದ್ದು ಟೀವಿಯಲ್ಲಿ. ಎಂಬತ್ತರ ದಶಕದ ಕೊನೆ. ನಮ್ಮ ಮೊಹಲ್ಲಾದಲ್ಲಿ ಎರಡೇ ಟೀವಿಗಳಿದ್ದವು. ಅದರಲ್ಲಿ ಒಂದರ ಎದುರು ಭಾನುವಾರ ಸಂಜೆ ನಲವತ್ತು ಜನ. ಅಬ್ಬಾ ಟೈಲರ್. ಹೊಲಿಗೆ ಮುಗಿಸಿ ಬಂದವರು ಬಾಗಿಲ ಬಳಿಯೇ ನಿಂತು ನೋಡುತ್ತಿದ್ದರು. ‘ಚಷ್ಮೆ ಬದ್ದೂರ್’ ಬಂದ ದಿನ ಅವರು ಹೇಳಿದ್ದು ನೆನಪಿದೆ: ‘ಇವನು ಮಾತಾಡೋದು ಕೇಳು. ಎದುರಿಗಿರೋನಿಗೆ ಇಜ್ಜತ್ ಕೊಟ್ಟು ಮಾತಾಡ್ತಾನೆ.’ ನಾನು ಆಗ ಉರ್ದು ಶಾಲೆಯಲ್ಲಿ ಓದುತ್ತಿದ್ದೆ. ಉಚ್ಚಾರ ಚೆನ್ನಾಗಿದೆ ಎಂದು ಅಬ್ಬಾ ಹೇಳುತ್ತಿದ್ದಾರೆ ಅಂದುಕೊಂಡೆ. ಅವರು ಹೇಳಿದ್ದು ಉಚ್ಚಾರದ ಬಗ್ಗೆ ಆಗಿರಲಿಲ್ಲ ಎಂದು ತಿಳಿಯಲು ಬಹಳ ವರ್ಷ ಹಿಡಿಯಿತು.

ಟೀವಿ ಅವರಿಗೆ ಎರಡನೆಯ ಮನೆಯಾಯಿತು. ದೂರದರ್ಶನದಲ್ಲಿ ಶರತ್‌ಚಂದ್ರರ ಕಾದಂಬರಿ ಆಧರಿಸಿದ ‘ಶ್ರೀಕಾಂತ್’, ಆಮೇಲೆ ‘ಚಮತ್ಕಾರ್’. 2001ರಲ್ಲಿ ಬಿಬಿಸಿಯ ಪ್ರಸಿದ್ಧ ಹಾಸ್ಯ ಮಾಲಿಕೆಯೊಂದರ ಹಿಂದಿ ರೂಪ ‘ಜೀ ಮಂತ್ರೀಜಿ’ಯಲ್ಲಿ ಅಧಿಕಾರಿಗಳ ಕೈಗೊಂಬೆಯಾಗಿ ಒದ್ದಾಡುವ ಮಂತ್ರಿ. ಆದರೆ ಮನೆಮನೆಗೆ ಅವರನ್ನು ತಲುಪಿಸಿದ್ದು ಜೀ ಟೀವಿಯ ‘ಜೀನಾ ಇಸೀಕಾ ನಾಮ್ ಹೈ’. ಹೆಸರು ಮಾಡಿದವರೊಬ್ಬರನ್ನು ಕೂರಿಸಿ, ಅವರ ಬಾಲ್ಯದ ಗೆಳೆಯರು, ಗುರುಗಳು, ಕಷ್ಟಕಾಲದಲ್ಲಿ ಜೊತೆಗಿದ್ದವರು ಇವರನ್ನೆಲ್ಲ ಒಬ್ಬೊಬ್ಬರಾಗಿ ವೇದಿಕೆಗೆ ಕರೆಸುವ ಕಾರ್ಯಕ್ರಮ. ಅವರು ಪ್ರಶ್ನೆ ಕೇಳುವ ರೀತಿಯಲ್ಲಿ ಚುಚ್ಚು ಇರಲಿಲ್ಲ. ಒಬ್ಬರ ಕಣ್ಣು ತುಂಬಿದರೆ ಇವರು ಮಾತು ಬದಲಿಸಿ ನಗಿಸುತ್ತಿದ್ದರು. ಈಗಿನ ಟೀವಿಯಾಗಿದ್ದರೆ ಆ ಕಣ್ಣೀರಿನ ಮೇಲೆ ಕ್ಯಾಮೆರಾ ನಿಂತುಬಿಡುತ್ತಿತ್ತು, ಹಿನ್ನೆಲೆಯಲ್ಲಿ ಪಿಟೀಲು ಶುರುವಾಗುತ್ತಿತ್ತು.

ಬೇರೆಯವರ ಬದುಕಿನ ಮರೆಯ ಉಪಕಾರಿಗಳನ್ನು ವೇದಿಕೆಗೆ ಕರೆಸಿ ಪರಿಚಯಿಸುತ್ತಿದ್ದ ಮನುಷ್ಯ ಇವರು. ತಮ್ಮ ಸರದಿ ಬಂದಾಗ ಮರೆಯಲ್ಲೇ ಉಳಿದರು.

ರಂಗಭೂಮಿಯನ್ನೂ ಬಿಡಲಿಲ್ಲ. ಜಾವೇದ್ ಸಿದ್ದೀಕಿ ಬರೆದು ಫಿರೋಜ್ ಅಬ್ಬಾಸ್ ಖಾನ್ ನಿರ್ದೇಶಿಸಿದ ‘ತುಮ್ಹಾರಿ ಅಮೃತಾ’ 1992ರಲ್ಲಿ ಶುರುವಾಯಿತು. ಎರಡು ಮೇಜು, ಎರಡು ಕುರ್ಚಿ. ಒಂದರಲ್ಲಿ ಫಾರೂಕ್, ಇನ್ನೊಂದರಲ್ಲಿ ಶಬಾನಾ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ, ಜೀವಮಾನವಿಡೀ ಬರೆದುಕೊಂಡ ಪತ್ರಗಳನ್ನು ಓದುತ್ತಾರೆ. ಇಷ್ಟೇ ನಾಟಕ. ಇದನ್ನು ಅವರು ಇಪ್ಪತ್ತೊಂದು ವರ್ಷ ಆಡಿದರು. 2013ರ ಡಿಸೆಂಬರ್ 14ರಂದು ಆಗ್ರಾದಲ್ಲಿ, ತಾಜ್ ಮಹಲಿನ ಸನ್ನಿಧಿಯಲ್ಲಿ ಇಬ್ಬರೂ ಕೂಡಿ ಆಡಿದ್ದು ಕೊನೆಯ ಪ್ರಯೋಗವಾಯಿತು. ಸಿಕಂದರ್ ಮಿರ್ಜಾನಾಗಿ ಅವರು ಕ್ಯಾಮೆರಾದ ಎದುರು ನಿಂತದ್ದೂ ಅದೇ ಊರಿನಲ್ಲಿ. ಎರಡು ವಾರಕ್ಕೆ, ಡಿಸೆಂಬರ್ 28ರಂದು, ಕುಟುಂಬದೊಂದಿಗೆ ದುಬೈಗೆ ಹೋಗಿದ್ದಾಗ ಹೃದಯಾಘಾತ. ಅರವತ್ತೈದು ವರ್ಷ. ಮುಂಬೈಗೆ ತಂದು ದಫನ ಮಾಡಿದರು. ‘ಲಾಹೋರ್’ ಚಿತ್ರದ ತರಬೇತುದಾರನ ಪಾತ್ರಕ್ಕೆ ಬಂದ ರಾಷ್ಟ್ರಪ್ರಶಸ್ತಿ ಅವರ ಹೆಸರಿನ ಮುಂದಿದ್ದ ದೊಡ್ಡ ಬಿರುದು, ಅದೂ ಪೋಷಕ ನಟ ಎಂದು.

*

ಅವರು ತೀರಿಕೊಂಡ ಮೇಲೆ ಒಂದು ಸಂಗತಿ ಹೊರಬಿತ್ತು.

2008ರ ನವೆಂಬರ್ 26ರ ರಾತ್ರಿ ಮುಂಬೈ ಮೇಲೆ ದಾಳಿಯಾದಾಗ ತಾಜ್ ಹೋಟೆಲಿನ ಒಬ್ಬ ಸಾಮಾನ್ಯ ನೌಕರ ಅತಿಥಿಗಳನ್ನು ಉಳಿಸಲು ಹೋಗಿ ಗುಂಡೇಟು ತಿಂದು ಮುಂದೆ ಪ್ರಾಣಬಿಟ್ಟ. ಹೆಂಡತಿ, ಮಕ್ಕಳು ಉಳಿದರು. ಪತ್ರಿಕೆಯೊಂದು ಆ ಮನೆಯ ಕಥೆ ಬರೆಯಿತು. ಅದನ್ನು ಓದಿದ ಫಾರೂಕ್ ಶೇಖ್ ಪತ್ರಿಕೆಯನ್ನು ಸಂಪರ್ಕಿಸಿ, ಮಕ್ಕಳ ಓದಿನ ಖರ್ಚು ನಾನು ಕೊಡುತ್ತೇನೆ ಎಂದರು. ಶರತ್ತು ಒಂದೇ, ಕೊಡುವವನ ಹೆಸರು ಯಾರಿಗೂ ತಿಳಿಯಬಾರದು. ಅವರಿರುವ ತನಕ ಹೆಸರು ಹೊರಗೆ ಬರಲಿಲ್ಲ. ಪತ್ರಿಕೆ ಮಾತು ಉಳಿಸಿಕೊಂಡಿತು. ತೀರಿಕೊಂಡ ಮೇಲೆ ಬರೆಯಿತು.

ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎನ್ನುವುದು ನಮ್ಮಲ್ಲಿ ಎಲ್ಲರಿಗೂ ತಿಳಿದ ಮಾತು. ಮಸೀದಿಯಲ್ಲೂ ಕೇಳುತ್ತೇವೆ, ಮಠದ ಜಗಲಿಯಲ್ಲೂ ಕೇಳುತ್ತೇವೆ. ಸಾಮಾನ್ಯವಾಗಿ ಇದಕ್ಕೆ ಹೇಳುವ ಅರ್ಥ ಕೊಡುವವನಿಗೆ ಸಂಬಂಧಪಟ್ಟದ್ದು. ಹೊಗಳಿಕೆ ಸೇರಿದರೆ ದಾನದ ಫಲ ಕರಗುತ್ತದೆ, ರಿಯಾ ಅಂದರೆ ತೋರಿಕೆ ಒಳಗೆ ನುಗ್ಗುತ್ತದೆ, ಆದ್ದರಿಂದ ಮುಚ್ಚಿಡು. ಇದು ಸರಿಯೇ. ಆದರೆ ಇಷ್ಟೇ ಆದರೆ ಗುಪ್ತದಾನವೂ ಒಂದು ಜಾಣ ವ್ಯಾಪಾರವಾಯಿತು, ಇಲ್ಲಿಯ ಹೆಸರು ಬಿಟ್ಟು ಅಲ್ಲಿಯ ಲಾಭ ಹೆಚ್ಚಿಸಿಕೊಂಡ ಹಾಗೆ. ತೆಗೆದುಕೊಳ್ಳುವವನು ಈ ಲೆಕ್ಕದಲ್ಲಿ ಎಲ್ಲಿದ್ದಾನೆ?

ಇದನ್ನು ನಾನು ತೆಗೆದುಕೊಂಡವನಾಗಿ ಕೇಳುತ್ತಿದ್ದೇನೆ.

ಏಳನೇ ಇಯತ್ತೆ ಉರ್ದು ಶಾಲೆಯಲ್ಲಿ ಮುಗಿಸಿ ಕನ್ನಡ ಹೈಸ್ಕೂಲಿಗೆ ಸೇರಿದ ವರ್ಷ ನಮ್ಮೂರಿನಲ್ಲಿ ಬಡ ವಿದ್ಯಾರ್ಥಿಗಳಿಗೆ ನೋಟ್‌ಬುಕ್ ಹಂಚುವ ಸಮಾರಂಭ ನಡೆಯಿತು. ಪಟ್ಟಿಯಲ್ಲಿ ನನ್ನ ಹೆಸರಿತ್ತು. ಕೊಟ್ಟವರು ಊರಿನ ಒಬ್ಬ ವ್ಯಾಪಾರಿ. ಒಂದು ಡಜನ್ ನೋಟ್‌ಬುಕ್ಕಿನ ಕಟ್ಟನ್ನು ಅವರು ನನ್ನ ಕೈಯಲ್ಲಿಟ್ಟರು. ನಾನು ಇಳಿಯಲು ಹೊರಟೆ. ಫೋಟೋದವನು ತಡೆದ. ಬಲ್ಬು ಹೊತ್ತಿಕೊಂಡಿರಲಿಲ್ಲವಂತೆ. ಕಟ್ಟನ್ನು ವಾಪಸ್ ಅವರ ಕೈಗೆ ಕೊಟ್ಟು ಮತ್ತೆ ತೆಗೆದುಕೊಳ್ಳಬೇಕಾಯಿತು. ‘ಸ್ವಲ್ಪ ನಗಪ್ಪಾ’ ಎಂದ. ನಕ್ಕೆ.

ಆ ಫೋಟೋವನ್ನು ಅವರು ಚೌಕಟ್ಟು ಹಾಕಿಸಿ ತಮ್ಮ ಅಂಗಡಿಯ ಗಲ್ಲಾದ ಹಿಂದೆ ತೂಗುಹಾಕಿದರು. ಅಮ್ಮಿ ಸಕ್ಕರೆಗೋ ಚಹಾಪುಡಿಗೋ ಕಳಿಸಿದರೆ ನಾನು ಹತ್ತಿರದ ಆ ಅಂಗಡಿ ಬಿಟ್ಟು ಬಸ್ ನಿಲ್ದಾಣದವರೆಗೆ ನಡೆದು ಹೋಗುತ್ತಿದ್ದೆ. ಒಂದು ದಿನ ಅಬ್ಬಾ ಹೊಲಿದ ಬಟ್ಟೆ ತಲುಪಿಸಲು ಅಲ್ಲಿಗೆ ಹೋದರು. ಬಂದವರು ಏನೂ ಹೇಳಲಿಲ್ಲ. ಮರುವರ್ಷ ಪಟ್ಟಿ ಮಾಡಲು ಬಂದವರಿಗೆ ‘ಈ ಸಲ ಬೇಡ, ಬೇರೆ ಮಕ್ಕಳಿಗೆ ಕೊಡಿ’ ಎಂದರು. ಆ ಜೂನ್ ತಿಂಗಳಿಡೀ ರಾತ್ರಿ ಹನ್ನೆರಡರ ತನಕ ಅವರ ಮಶೀನು ಸದ್ದು ಮಾಡುತ್ತಿತ್ತು. ಗೋಡೆಯ ಮೇಲೆ ನಾನು ಮಾತ್ರ ಬಹಳ ವರ್ಷ ನಗುತ್ತಲೇ ಇದ್ದೆ.

ಆ ವ್ಯಾಪಾರಿಯ ಬಗ್ಗೆ ನನಗೆ ಸಿಟ್ಟಿಲ್ಲ. ಅವರು ಕೊಟ್ಟದ್ದು ಒಳ್ಳೆಯ ಕಾಗದದ ನೋಟ್‌ಬುಕ್. ಅದರಲ್ಲಿ ಉಳಿದ ಹಾಳೆಗಳಲ್ಲೇ ನಾನು ಕನ್ನಡದಲ್ಲಿ ಮೊದಲ ಕಥೆ ಬರೆದೆ. ಅವರು ತೀರಿಕೊಂಡಾಗ ಜನಾಜಾಕ್ಕೆ ಹೋಗಿ ಹೆಗಲು ಕೊಟ್ಟೆ. ಆದರೆ ಆ ನಗೆ ನನ್ನದಾಗಿರಲಿಲ್ಲ. ಅದನ್ನು ನನ್ನಿಂದ ತೆಗೆಸಿಕೊಂಡದ್ದು.

ಇದೇ ನನಗೆ ಫಾರೂಕ್ ಶೇಖ್ ಅವರ ಶರತ್ತಿನಲ್ಲಿ ಕಾಣುವ ತಿರುಳು. ಕ್ಯಾಮೆರಾ ಎದುರಿಗಿದ್ದರೆ ಮುಖ ಏನಾಗುತ್ತದೆ ಎಂದು ನಟನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೋಡುವ ಕಣ್ಣಿದೆ ಎಂದು ತಿಳಿದ ಕ್ಷಣ ಮನುಷ್ಯ ಪಾತ್ರವಾಗುತ್ತಾನೆ. ನಟ ಅದಕ್ಕೆ ಒಪ್ಪಿ ಬಂದವನು. ಅವನಿಗೆ ಸಂಭಾವನೆಯುಂಟು, ಸಂಭಾಷಣೆಯನ್ನು ಮೊದಲೇ ಬರೆದುಕೊಟ್ಟಿರುತ್ತಾರೆ, ಸಂಜೆ ಬಣ್ಣ ತೊಳೆದುಕೊಂಡು ಮನೆಗೆ ಹೋಗಬಹುದು. ಹತ್ತು ಜನರ ಎದುರು ದಾನ ತೆಗೆದುಕೊಳ್ಳುವವನಿಗೆ ಇದೊಂದೂ ಇಲ್ಲ. ಅವನು ಕೃತಜ್ಞತೆಯನ್ನು ಅಭಿನಯಿಸಲೇಬೇಕು. ಸರಿಯಾಗಿ ಅಭಿನಯಿಸದಿದ್ದರೆ ‘ನೋಡಿ, ತೊಗೊಂಡ ಮೇಲೆ ಮುಖ ಕೂಡ ತೋರಿಸಲ್ಲ’ ಎಂಬ ಮಾತು. ಬಣ್ಣ ತೊಳೆಯುವ ಅವಕಾಶವೂ ಇಲ್ಲ. ಕೊಟ್ಟವನು ಅದೇ ಬೀದಿಯಲ್ಲಿ ಎದುರಾಗುತ್ತಾನೆ, ಪ್ರತಿದಿನ ಅದೇ ಪಾತ್ರ ಆಡಬೇಕು.

ಜೀವನವಿಡೀ ತಾನು ನಟಿಸಿದವರು ಇನ್ನೊಬ್ಬರನ್ನು ನಟಿಸುವಂತೆ ಮಾಡಲು ಒಪ್ಪಲಿಲ್ಲ. ಹಣಕ್ಕಿಂತ ಹೆಚ್ಚಿನದೊಂದನ್ನು ಅವರು ಆ ಮನೆಗೆ ಕೊಟ್ಟರು. ತೆರೆಯ ಮೇಲೆ ಕಂಡ ಮುಖದ ಎದುರು ತಲೆ ತಗ್ಗಿಸುವ ಪ್ರಸಂಗವೇ ಬರದಂತೆ ನೋಡಿಕೊಂಡರು. ಮಕ್ಕಳು ಓದಿನಲ್ಲಿ ಹಿಂದೆ ಬಿದ್ದರೆ ‘ಅಷ್ಟು ದೊಡ್ಡವರು ದುಡ್ಡು ಕೊಡುತ್ತಿದ್ದಾರೆ’ ಎಂದು ಹಂಗಿಸಲು ನೆರೆಹೊರೆಯವರಿಗೂ ಅವಕಾಶವಿರಲಿಲ್ಲ.

*

ಇಷ್ಟು ಬರೆದ ಮೇಲೆ ಎದುರಿನ ಮಾತುಗಳನ್ನೂ ಕೇಳಬೇಕು.

ಮೊದಲನೆಯದು, ನೋಡಿ ಕಲಿಯುವ ಮಾತು. ಒಬ್ಬ ಕೊಟ್ಟದ್ದು ಕಂಡರೆ ಇನ್ನೊಬ್ಬ ಕೊಡುತ್ತಾನೆ. ನನ್ನ ಗೆಳೆಯರ ವಾದ ಇದೇ. ನಮ್ಮ ಹಿರಿಯರೂ ಬಹಿರಂಗದ ದಾನವನ್ನು ತಪ್ಪೆನ್ನಲಿಲ್ಲ, ಅದೂ ಒಳಿತೇ, ಮರೆಯದ್ದು ಇನ್ನೂ ಒಳಿತು ಎಂದರು. ಆದ್ದರಿಂದ ಕೊಟ್ಟದ್ದು ಕಾಣಬಾರದು ಎಂದು ಹಟ ಹಿಡಿಯಬೇಕಿಲ್ಲ. ಕೊಟ್ಟವನ ಹೆಸರು ಕಾಣಲಿ, ಬೇಕಾದರೆ ಫಲಕದಲ್ಲಿ ಕೆತ್ತಲಿ. ತೆಗೆದುಕೊಂಡವನ ಮುಖ ಯಾಕೆ ಕಾಣಬೇಕು? ಬಾವಿ ತೋಡಿಸಿದವನ ಹೆಸರು ಕಲ್ಲಿನ ಮೇಲಿರುತ್ತದೆ, ನೀರು ಸೇದಿದವರ ಪಟ್ಟಿಯನ್ನು ಯಾರೂ ಕೆತ್ತಿಸುವುದಿಲ್ಲ.

ಎರಡನೆಯದು ಇನ್ನೂ ಗಟ್ಟಿ. ಕೊಟ್ಟವರಾರೆಂದು ತಿಳಿಯುವುದು ತೆಗೆದುಕೊಂಡವನ ಹಕ್ಕೂ ಅಲ್ಲವೇ? ಧನ್ಯವಾದ ಹೇಳಲಾಗದ ಋಣವೂ ಒಂದು ಭಾರ. ಇದಕ್ಕೆ ನನ್ನ ಬಳಿ ಸಿದ್ಧಾಂತವಿಲ್ಲ, ಒಂದು ನೆನಪಿದೆ. ಪಿಯುಸಿ ಎರಡನೇ ವರ್ಷದಲ್ಲಿ ಪರೀಕ್ಷಾ ಶುಲ್ಕ ಕಟ್ಟಲಾಗದೆ ಕೊನೆಯ ದಿನ ಕಚೇರಿಯ ಕಿಟಕಿಯ ಬಳಿ ನಿಂತಿದ್ದೆ. ಗುಮಾಸ್ತರು ರಿಜಿಸ್ಟರ್ ನೋಡಿ ‘ನಿನ್ನದು ಕಟ್ಟಾಗಿದೆ, ಹೋಗು’ ಎಂದರು. ಯಾರು ಎಂದು ಕೇಳಿದೆ. ‘ಹೇಳಬಾರದು ಅಂದಿದ್ದಾರೆ’ ಎಂದರು. ಇವತ್ತಿಗೂ ಗೊತ್ತಿಲ್ಲ. ಕನ್ನಡ ಮೇಷ್ಟ್ರೇ? ಚರಿತ್ರೆಯ ಮೇಡಮ್ಮೇ? ಅಬ್ಬಾನ ಗಿರಾಕಿ ಯಾರಾದರೂ? ಪಕ್ಕದ ಬೀದಿಯ ಶಾನುಭೋಗರೇ? ಬಹಳ ದಿನ ಊರಿನಲ್ಲಿ ಯಾರು ಎದುರಾದರೂ ಇವರೇ ಇರಬಹುದೇ ಎಂದು ನೋಡುತ್ತಿದ್ದೆ. ಕೊಟ್ಟವರು ಒಬ್ಬರೇ. ಆದರೆ ಹೆಸರು ತಿಳಿಯದ್ದರಿಂದ ನಾನು ಇಡೀ ಊರಿಗೆ ಋಣಿಯಾದೆ. ಅಂಗಡಿಯ ಗೋಡೆಯ ಋಣ ನನ್ನನ್ನು ಒಂದು ಬೀದಿಯಿಂದ ಓಡಿಸಿತು. ಈ ಋಣ ಎಲ್ಲ ಬೀದಿಗಳಲ್ಲೂ ನಡೆಸಿತು. ಭಾರ ಹೌದು, ಆದರೆ ಬೆನ್ನು ಬಾಗಿಸುವ ಭಾರವಲ್ಲ.

ಮೂರನೆಯ ಮಾತು ನನಗೆ ನಾನೇ ಹಾಕಿಕೊಂಡ ಪ್ರಶ್ನೆ. ಕೆಲಸದ ಜಾಗದಲ್ಲಿ, ಇನ್ನೊಬ್ಬರ ಪ್ರಾಣ ಉಳಿಸುವಾಗ ಸತ್ತವನ ಮಕ್ಕಳ ಓದು ಒಬ್ಬ ದಯಾಳುವಿನ ಕಣ್ಣಿಗೆ ಬಿದ್ದ ಸುದ್ದಿಯ ಮೇಲೆ ನಿಲ್ಲಬೇಕೆ? ಅದು ಹಕ್ಕಾಗಿ ಬರಬೇಕಾದದ್ದು. ಒಂದು ಕುಟುಂಬದ ಕಥೆ ಪತ್ರಿಕೆಯಲ್ಲಿ ಬಂತು, ಬಾರದ ಕಥೆಗಳೆಷ್ಟು? ಗುಪ್ತದಾನವನ್ನು ಹೊಗಳುತ್ತಾ ಹೋದರೆ ಬಡವರು ಅದೃಷ್ಟ ಕಾಯುತ್ತಾ ಕೂರಲಿ ಎಂದ ಹಾಗಾಗುತ್ತದೆ.

ಇದಕ್ಕೆ ಉತ್ತರವನ್ನು ಅವರ ಮೊದಲ ಚಿತ್ರದ ಕೊನೆಯ ದೃಶ್ಯದಲ್ಲಿ ನೋಡಬಹುದು. ಎಲ್ಲ ಕಳೆದುಕೊಂಡ ಸಲೀಂ ಮಿರ್ಜಾ ಪಾಕಿಸ್ತಾನಕ್ಕೆ ಹೊರಟು ಟಾಂಗಾ ಹತ್ತಿದ್ದಾನೆ. ದಾರಿಯಲ್ಲಿ ಕೆಲಸ ಕೇಳುವವರ ಮೆರವಣಿಗೆ ಅಡ್ಡ ಬರುತ್ತದೆ. ಸಿಕಂದರ್ ಟಾಂಗಾದಿಂದ ಇಳಿದು ಆ ಜನರಲ್ಲಿ ಸೇರುತ್ತಾನೆ. ಕೊನೆಗೆ ತಂದೆಯೂ ಹೆಂಡತಿಯನ್ನು ಮನೆಗೆ ಕಳಿಸಿ ಅದೇ ಗುಂಪಿನಲ್ಲಿ ಬೆರೆಯುತ್ತಾನೆ. ಅಲ್ಲಿ ಮುಖ ಮರೆಸುವ ಮಾತಿಲ್ಲ. ಹಗಲು ಬೆಳಕಿನಲ್ಲಿ, ಬೀದಿಯ ನಡುವೆ, ಎಲ್ಲರ ಕಣ್ಣೆದುರು ಕೇಳುವುದು. ಹಾಗೆ ಕೇಳುವಾಗ ಯಾರ ತಲೆಯೂ ತಗ್ಗಿರುವುದಿಲ್ಲ.

ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಸಾಧ್ಯ ಎಂದು ನನಗೆ ಅನಿಸುತ್ತದೆ. ಹಕ್ಕು ಕೇಳುವುದು ಹಗಲಿನಲ್ಲಿ, ನೆರವು ಕೊಡುವುದು ಮರೆಯಲ್ಲಿ. ನಾವು ಇದನ್ನು ತಿರುವುಮುರುವು ಮಾಡಿಕೊಂಡಿದ್ದೇವೆ. ಹಕ್ಕು ಕೇಳಬೇಕಾದ ಕಡೆ ಮನೆಯೊಳಗೆ ಗೊಣಗುತ್ತೇವೆ, ಅಕ್ಕಿ ಚೀಲ ಕೊಡುವಾಗ ಶಾಮಿಯಾನ ಹಾಕಿಸುತ್ತೇವೆ.

ಇನ್ನೊಂದು ಮುಳ್ಳು ಉಳಿದಿದೆ. ಅವರು ತೀರಿಕೊಂಡ ಮೇಲೆ ಪತ್ರಿಕೆ ಬರೆದದ್ದು ಸರಿಯೇ? ಸತ್ತವರನ್ನು ಹೊಗಳಿಕೆ ಕೆಡಿಸಲಾರದು, ಆ ಮಟ್ಟಿಗೆ ಸರಿ. ಆದರೆ ಬದುಕಿರುವ ಕುಟುಂಬ ಆ ಸುದ್ದಿಯೊಂದಿಗೆ ಮತ್ತೆ ಬೆಳಕಿಗೆ ಬಂತು. ಬರೆಯದಿದ್ದರೆ ನನಗೆ ಈ ವಿಷಯ ತಿಳಿಯುತ್ತಿರಲಿಲ್ಲ, ಈ ಲೇಖನವೂ ಇರುತ್ತಿರಲಿಲ್ಲ. ಅಂದರೆ ನಾನೂ ಆ ಮರೆಯನ್ನು ಸರಿಸಿದವರಲ್ಲಿ ಒಬ್ಬ. ನನ್ನಿಂದ ಆದದ್ದು ಇಷ್ಟೇ, ಆ ಮನೆಯವರ ಹೆಸರನ್ನು ಇಲ್ಲಿ ಬರೆದಿಲ್ಲ. ಅವರು ಯಾವ ಚಿತ್ರಕ್ಕೂ ಸಹಿ ಹಾಕಿದವರಲ್ಲ.

*

ಈ ವರ್ಷದ ರಮಜಾನಿಗೆ ಮುಂಚೆ ಗೆಳೆಯರ ಅಂಗಡಿಗೆ ಹೋಗಿ ಕೂತು ಇದನ್ನೆಲ್ಲ ಹೇಳಿದೆ. ಅವರು ಸುಮ್ಮನೆ ಕೇಳಿದರು. ‘ಆಯ್ತು ಭಾಯಿ, ಈ ಸಲ ನಿಮ್ಮ ಹಾಗೇ ಮಾಡೋಣ’ ಎಂದರು. ಚೀಲಗಳನ್ನು ತುಂಬಿ ಸಾಲಾಗಿ ಇಟ್ಟು, ಚೀಲಗಳದ್ದಷ್ಟೇ ಒಂದು ಫೋಟೋ. ಬಂದ ದುಡ್ಡು, ಆದ ಖರ್ಚು ಒಂದು ಹಾಳೆಯಲ್ಲಿ ಬರೆದು ಚಂದಾ ಕೊಟ್ಟವರಿಗೆಲ್ಲ ಕಳಿಸಿದೆವು. ಇಶಾ ನಮಾಜಿನ ನಂತರ ಇಬ್ಬಿಬ್ಬರಾಗಿ ಹೋಗಿ ಮನೆ ಬಾಗಿಲಲ್ಲಿ ಇಟ್ಟು ಬಂದೆವು. ಹೋದ ವರ್ಷ ಸೆರಗು ಕಚ್ಚಿಕೊಂಡಿದ್ದ ಆ ಹೆಂಗಸು ಈ ಸಲ ಬಾಗಿಲು ತೆರೆದು, ‘ಒಳಗೆ ಬನ್ನಿ, ಚಹಾ ಕುಡಿದು ಹೋಗಿ’ ಎಂದಳು. ಕೊಡುವವಳ ದನಿ ಅದು.

ಗೆಳೆಯರ ಲೆಕ್ಕವೂ ನಿಜವಾಯಿತು ಎಂದು ಒಪ್ಪಿಕೊಳ್ಳಬೇಕು. ಫೋಟೋ ಇಲ್ಲ ಎಂದ ಮೇಲೆ ಕೆಲವರು ಕೈ ಹಿಂದೆ ತೆಗೆದರು. ಹೋದ ವರ್ಷಕ್ಕಿಂತ ಹದಿನಾಲ್ಕು ಚೀಲ ಕಡಿಮೆಯಾಯಿತು. ಹದಿನಾಲ್ಕು ಚೀಲ ಅಂದರೆ ಹದಿನಾಲ್ಕು ಒಲೆ. ಇಜ್ಜತ್ ದೊಡ್ಡದೋ ಹಸಿವು ದೊಡ್ಡದೋ ಎಂದು ಆ ಮನೆಗಳ ಪರವಾಗಿ ತೀರ್ಮಾನಿಸಲು ನಾನು ಯಾರು? ಹೊಟ್ಟೆ ತುಂಬಿದವನು ಮಾನದ ಬಗ್ಗೆ ಬರೆಯುವುದು ಸುಲಭ. ನಾನು ಗೆದ್ದ ವಾದದ ಖರ್ಚನ್ನು ಇನ್ನೊಬ್ಬರ ಒಲೆ ತೆರಬಾರದು ಎಂದು ಮಾತ್ರ ನನಗೆ ಖಚಿತವಾಗಿ ಗೊತ್ತಿತ್ತು.

ಗೆಳೆಯರೂ ನಾನೂ ಕೂತು ಮಾತಾಡಿಕೊಂಡೆವು. ಆ ಹದಿನಾಲ್ಕು ಮನೆಗಳ ಬಗ್ಗೆ ಏನು ಮಾಡಿದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.